ಇಂಟರ್ನೆಟ್ ಇಲ್ಲದ ಊರಿಗೆ ಒಂದು ಆ್ಯಪ್

(ಕುಟುಂಬಗಳಿಗಾಗಿ ನಡೆಯುವ ಕ್ರೂಸ್ ಹಡಗುಗಳ ತಂತ್ರಜ್ಞಾನದ ಬಗ್ಗೆ ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿಗೆ ಸಮುದ್ರ ಇಲ್ಲ. ಚೆನ್ನೈ ಬಂದರಾಗಲಿ, ಪಣಂಬೂರಿನ ನವಮಂಗಳೂರು ಬಂದರಾಗಲಿ, ಇಲ್ಲಿಂದ ಸುಮಾರು 350 ಕಿಲೋಮೀಟರ್ ದೂರ. ಆದರೂ ಕ್ರೂಸ್ ಹಡಗಿನ ಅತಿಥಿಗಳು ಬಳಸುವ ಆ್ಯಪ್ ಬಗ್ಗೆ ಈ ಊರಿನಲ್ಲೇ ಮಾತಾಡಬೇಕು. ಯಾಕೆಂದರೆ ಇಲ್ಲಿ ಕೂತು ಬರೆಯುವ ಬಹುಪಾಲು ಸಾಫ್ಟ್‌ವೇರ್, ನೆಟ್‌ವರ್ಕ್ ಇದ್ದೇ ಇರುತ್ತದೆ ಎಂಬ ಧೈರ್ಯದ ಮೇಲೆ ನಿಂತಿರುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಯುಪಿಐ ಸುತ್ತುತ್ತಾ ನಿಂತರೆ ನಾಲ್ಕು ಹೆಜ್ಜೆ ಆಚೆ ಬಂದು ಮತ್ತೆ ಸ್ಕ್ಯಾನ್ ಮಾಡುತ್ತೇವೆ. ನಡುಗಡಲಿನಲ್ಲಿ ಆಚೆ ಬರೋಕೆ ಜಾಗ ಇರುವುದಿಲ್ಲ.

ಅಂದಾಜಿಗೆ ಒಂದು ಹಡಗು ಇಟ್ಟುಕೊಳ್ಳೋಣ. ಡಿಸ್ನಿ ಕ್ರೂಸ್ ಲೈನ್ 1998ರಲ್ಲಿ ಮೊದಲ ಹಡಗು ಇಳಿಸಿತು. 2011ರಲ್ಲಿ ಬಂದ ಅವರ ಡಿಸ್ನಿ ಡ್ರೀಮ್‌ನಲ್ಲಿ 1,250 ಕೊಠಡಿ, ತುಂಬಿದಾಗ ಸುಮಾರು 4,000 ಅತಿಥಿಗಳು, ಮೇಲೆ ಸಾವಿರದ ನಾನೂರು ಚಿಲ್ಲರೆ ಸಿಬ್ಬಂದಿ. ಒಂದು ಹೋಬಳಿ ಕೇಂದ್ರದಷ್ಟು ಜನ, ಎಲ್ಲರೂ ಉಕ್ಕಿನ ಒಂದೇ ಡಬ್ಬಿಯೊಳಗೆ. ಒಂದೇ ಕೊಠಡಿಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಮೂರು ವರ್ಷದ ಮಗು. ಇಂಥವರಿಗೆ ತಂತ್ರಜ್ಞಾನದಿಂದ ಬೇಕಾದ್ದು ಎರಡೇ: ಕ್ಯೂ ಇರಬಾರದು, ಮಗು ಎಲ್ಲಿದೆ ಅಂತ ಗೊತ್ತಿರಬೇಕು. ಮಿಕ್ಕಿದ್ದೆಲ್ಲ ಅಲಂಕಾರ.

ಕ್ಯೂನಿಂದ ಶುರು ಮಾಡೋಣ. ಹಡಗು ಬೆಳಗ್ಗೆ ಬಂದರಿಗೆ ಬಂದು ಹಳೆಯ 4,000 ಜನರನ್ನು ಇಳಿಸುತ್ತದೆ, ಸಂಜೆಯೊಳಗೆ ಹೊಸ 4,000 ಜನರನ್ನು ಹತ್ತಿಸಿಕೊಂಡು ಹೊರಡುತ್ತದೆ. ಹತ್ತಿಸೋಕೆ ನಾಲ್ಕು ಗಂಟೆ ಸಿಗುತ್ತದೆ ಅಂದುಕೊಳ್ಳಿ. ಕೌಂಟರಿನಲ್ಲಿ ತಲೆಗೆ 90 ಸೆಕೆಂಡು ಹಿಡಿದರೆ ಒಟ್ಟು 100 ಗಂಟೆಯ ಕೆಲಸ, ಅಂದರೆ 25 ಕೌಂಟರು ಉಸಿರು ಬಿಡದೆ ನಡೆಯಬೇಕು. ತಲೆಗೆ 20 ಸೆಕೆಂಡಿಗೆ ಇಳಿಸಿದರೆ ಆರು ಕೌಂಟರು ಸಾಕು. ಆದರೆ ಜನ ಸಮನಾಗಿ ಬರುವುದಿಲ್ಲ. ಬೇಗ ಹತ್ತಿದರೆ ಮಧ್ಯಾಹ್ನದ ಊಟ ಹಡಗಿನಲ್ಲೇ ಅಂತ ನೂರಕ್ಕೆ 40 ಮಂದಿ ಮೊದಲ ಗಂಟೆಯಲ್ಲೇ ಬಂದರೆ, 90 ಸೆಕೆಂಡಿನ ಲೆಕ್ಕದಲ್ಲಿ ಆ ಒಂದು ಗಂಟೆಗೆ 40 ಕೌಂಟರು ಬೇಕು. ಅದಕ್ಕೇ ಆ್ಯಪ್ ಎರಡು ಕೆಲಸವನ್ನು ಮನೆಯಲ್ಲೇ ಮುಗಿಸುತ್ತದೆ. ಪಾಸ್‌ಪೋರ್ಟ್ ಮತ್ತು ಮುಖದ ಫೋಟೋ ಮೊದಲೇ ಹಾಕಿಸಿಕೊಳ್ಳುತ್ತದೆ, ಬಂದರಿಗೆ ಬರುವ ಹೊತ್ತನ್ನು ಹಂಚಿಕೊಡುತ್ತದೆ. ಈ ಎರಡರಲ್ಲಿ ಹೆಚ್ಚು ಫಲ ಕೊಡುವುದು ಹೊತ್ತು ಹಂಚುವುದು. ಸ್ಕ್ಯಾನರ್ ಎಷ್ಟೇ ಚುರುಕಾಗಿದ್ದರೂ ಜನ ಗುಂಪಾಗಿ ಬಂದರೆ ಸಾಲು ಬೆಳೆಯುತ್ತದೆ.

ಇಲ್ಲಿ ಕೈಕೊಡುವ ಜಾಗ ನಮ್ಮವರಿಗೆ ಚೆನ್ನಾಗಿ ಗೊತ್ತಿರುವುದೇ: ಹೆಸರು. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಬುಕಿಂಗ್ ಫಾರಂ ಮಾತ್ರ ಅದನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಒಬ್ಬರು ಇನಿಷಿಯಲ್ ಹಾಕುತ್ತಾರೆ, ಒಬ್ಬರು ಅಪ್ಪನ ಹೆಸರು, ಇನ್ನೊಬ್ಬರು ಊರಿನ ಹೆಸರು. ಪಾಸ್‌ಪೋರ್ಟಿನ ಅಡಿಯಲ್ಲಿ ತಲಾ 44 ಅಕ್ಷರಗಳ ಎರಡು ಸಾಲು ಇರುತ್ತದಲ್ಲ, ಯಂತ್ರ ಓದುವುದು ಅದನ್ನು. ಅದಕ್ಕೂ ಬುಕಿಂಗ್‌ಗೂ ತಾಳೆಯಾಗದಿದ್ದರೆ 20 ಸೆಕೆಂಡಿನ ಕೆಲಸ ಮೇಲ್ವಿಚಾರಕರ ತನಕ ಹೋಗುತ್ತದೆ. ಪರಿಹಾರ ಸರಳ: ಹೆಸರನ್ನು ಅತಿಥಿಯ ಕೈಯಲ್ಲಿ ಟೈಪ್ ಮಾಡಿಸಬೇಡಿ, ಆ ಎರಡು ಸಾಲನ್ನು ಕ್ಯಾಮೆರಾದಿಂದ ಓದಿಸಿ. ಮಕ್ಕಳದ್ದು ಬೇರೆ ತಲೆನೋವು. ನಮ್ಮಲ್ಲಿ ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷದ ಅವಧಿ. ಒಂದು ವರ್ಷದ ಕೂಸಿನ ಫೋಟೋ ಇಟ್ಟುಕೊಂಡು ಐದು ವರ್ಷದ ಮಗುವಿನ ಮುಖ ಹೋಲಿಸಿದರೆ ಯಂತ್ರ ಒಪ್ಪುವುದಿಲ್ಲ. ಹಾಗಾಗಿ ಚೆಕ್-ಇನ್ ಹೊತ್ತಿನಲ್ಲಿ ತೆಗೆದ ಹೊಸ ಫೋಟೋವೇ ಹಡಗಿನೊಳಗಿನ ಗುರುತು.

2022ರ ಡಿಸೆಂಬರ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಮುಖ ನೋಡಿ ಗೇಟು ತೆರೆಯುವ ಡಿಜಿ ಯಾತ್ರಾ ಬಂತು. ಅಲ್ಲಿ ಗೇಟು ದಾಟುವುದು ಒಬ್ಬೊಬ್ಬರೇ. ಹಡಗಿನಲ್ಲಿ ಲೆಕ್ಕ ಕುಟುಂಬದ್ದು. ನಾಲ್ವರಲ್ಲಿ ಒಬ್ಬರ ಕಾಗದ ಕೊರತೆಯಾದರೆ ನಾಲ್ವರೂ ನಿಲ್ಲುತ್ತಾರೆ. ಡೇಟಾಬೇಸ್‌ನಲ್ಲಿ ವ್ಯಕ್ತಿಯ ಜೊತೆಗೆ ಬುಕಿಂಗ್ ಗುಂಪನ್ನೂ ಅಷ್ಟೇ ಮುಖ್ಯವಾದ, ತನ್ನದೇ ಆದ ದಾಖಲೆಯಾಗಿ ಇಡದಿದ್ದರೆ, ಮುಂದೆ ಊಟದ ಮೇಜು, ಮಕ್ಕಳನ್ನು ಆಡಲು ಬಿಟ್ಟುಹೋಗುವ ಮಕ್ಕಳ ಕ್ಲಬ್ಬು, ಅಪಾಯದ ಹೊತ್ತಿಗೆಂದು ನಡೆಸುವ ತಾಲೀಮಾದ ತುರ್ತು ಡ್ರಿಲ್, ಎಲ್ಲ ಕಡೆ ತೇಪೆ ಹಾಕಬೇಕಾಗುತ್ತದೆ.

ಈಗ ನೆಟ್‌ವರ್ಕ್. ಹಳೆಯ ಉಪಗ್ರಹ ಸಂಪರ್ಕ 35,786 ಕಿಲೋಮೀಟರ್ ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹದ್ದು. ಮಾತು ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗಿಳಿಯಬೇಕು. ಬೆಳಕಿನ ವೇಗದಲ್ಲೇ ಅರ್ಧ ಸೆಕೆಂಡಿನ ಹತ್ತಿರ, ನಿಜದಲ್ಲಿ 600 ಮಿಲಿಸೆಕೆಂಡು. ಆಮೇಲೆ 8,000 ಕಿಲೋಮೀಟರ್ ಎತ್ತರದ ಓ3ಬಿ ಉಪಗ್ರಹಗಳು ಬಂದವು, ವಿಳಂಬ ಸುಮಾರು 150ಕ್ಕೆ ಇಳಿಯಿತು. ಸುಮಾರು 550 ಕಿಲೋಮೀಟರ್ ಎತ್ತರದ ಸ್ಟಾರ್‌ಲಿಂಕ್‌ನಲ್ಲಿ ಇನ್ನೂ ಕಡಿಮೆ; ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕಿಸುವುದಾಗಿ 2022ರಲ್ಲಿ ಹೇಳಿತು. ವೇಗ ಏನೋ ಬಂತು. ಆದರೆ ಅತಿಥಿಯ ಆ್ಯಪ್ ಅದರ ಮೇಲೆ ಒರಗಬಾರದು. ಊಟದ ಸಮಯ, ಬಾಗಿಲಿನ ಬೀಗ, ಮಕ್ಕಳ ಕ್ಲಬ್ಬು, ಬಿಲ್ಲು, ಮನೆಯವರ ನಡುವಿನ ಚಾಟ್, ಇವೆಲ್ಲ ಹಡಗಿನೊಳಗಿನ ಸರ್ವರಿನಲ್ಲೇ ನಡೆಯಬೇಕು. ದಡಕ್ಕೆ ಹೋಗುವುದು ನಕಲು ಮಾತ್ರ.

ಆ ಸರ್ವರನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಬೆಂಕಿ ಹರಡದಂತೆ ಹಡಗನ್ನು ಉದ್ದಕ್ಕೆ ಬೆಂಕಿ ವಲಯಗಳಾಗಿ ಭಾಗ ಮಾಡಿರುತ್ತಾರೆ. ಒಂದೊಂದು ವಲಯ ಸುಮಾರು 40 ಮೀಟರ್, ಹೆಚ್ಚೆಂದರೆ 48. ಒಂದು ವಲಯದಲ್ಲಿ ಹೊಗೆ ಬಂದರೆ ಅಲ್ಲಿನ ಬಾಗಿಲು ಮುಚ್ಚುತ್ತದೆ, ಗಾಳಿ ನಿಲ್ಲುತ್ತದೆ, ಕರೆಂಟೂ ತೆಗೆಯಬೇಕಾಗಬಹುದು. ಎರಡು ಸರ್ವರ್ ಕೋಣೆ ಮಾಡಿ ಎರಡನ್ನೂ ಒಂದೇ ವಲಯದಲ್ಲಿಟ್ಟರೆ ಒಂದೇ ಇಟ್ಟಂತೆ. ಬೇರೆ ಬೇರೆ ವಲಯದಲ್ಲಿಟ್ಟು, ನಡುವೆ ಫೈಬರನ್ನು ಉಂಗುರದಂತೆ ಎಡಬದಿಯಿಂದ ಒಂದು, ಬಲಬದಿಯಿಂದ ಒಂದು ಎಳೆಯಬೇಕು.

ವೈಫೈ ಕಥೆ ಬೇರೆ. ಮನೆಯಲ್ಲಿ ಒಂದು ರೂಟರ್ ಎರಡು ಗೋಡೆ ದಾಟುತ್ತದೆ. ಉಕ್ಕಿನ ಗೋಡೆ ದಾಟುವುದಿಲ್ಲ. ಕಾರಿಡಾರಿನಲ್ಲಿ ನೇತುಹಾಕಿದ ವೈಫೈ ಪೆಟ್ಟಿಗೆ ಕಾರಿಡಾರಿಗೆ ಚೆನ್ನಾಗಿ ಸಿಗುತ್ತದೆ, ಹಾಸಿಗೆಯ ಮೇಲೆ ಕೂತವರಿಗೆ ಸಿಗುವುದಿಲ್ಲ. ಹಾಗಾಗಿ ಕೊಠಡಿಗೊಂದು, ಇಲ್ಲವೇ ಎರಡು ಮೂರು ಕೊಠಡಿಗೊಂದು ಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮ: 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ಹವಾಮಾನ ರಾಡಾರ್ ಕೂಡ ಬಳಸುತ್ತದೆ. ರಾಡಾರ್ ಕೇಳಿಸಿದರೆ ಪೆಟ್ಟಿಗೆ ಆ ಚಾನೆಲ್ ಬಿಟ್ಟುಕೊಡಬೇಕು, ಹೊಸದೂ ಅಂಥದ್ದೇ ಚಾನೆಲ್ ಆದರೆ ಅದಕ್ಕೆ ಹೋಗುವ ಮುನ್ನ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕಾಯಬೇಕು. ನಡುಗಡಲಿನಲ್ಲಿ ಸರಿಯಾಗಿದ್ದ ವೈಫೈ ಬಂದರಿನ ಹತ್ತಿರ ಬರುತ್ತಿದ್ದಂತೆ ತೂಕಡಿಸಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಮಕ್ಕಳ ಕ್ಲಬ್ಬಿನ ಹತ್ತಿರದ ಪೆಟ್ಟಿಗೆಗಳಿಗೆ ಆ ಚಾನೆಲ್‌ಗಳನ್ನು ಕೊಡದಿರುವುದೇ ವಾಸಿ.

ಇನ್ನು ನೋಟಿಫಿಕೇಶನ್. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಬೆಂಗಳೂರಿನಲ್ಲಿ ಕೂತು ಪರೀಕ್ಷಿಸಿದಾಗ ಕಣ್ಣಿಗೇ ಬೀಳದ ದೋಷ ಇದು. "ಮಗು ಅಮ್ಮ ಬೇಕು ಅಂತಿದೆ, ಕ್ಲಬ್ಬಿಗೆ ಬನ್ನಿ" ಎಂಬ ಸಂದೇಶ ಹಡಗಿನ ಸರ್ವರಿನಿಂದ ಅಮ್ಮನ ಫೋನಿಗೆ ಹೋಗಬೇಕು. ಎರಡೂ ಒಂದೇ ಹಡಗಿನಲ್ಲಿವೆ, ನಡುವೆ ನೂರು ಮೀಟರ್. ಆದರೆ ಫೋನಿನ ಸಾಮಾನ್ಯ ನೋಟಿಫಿಕೇಶನ್ ಬರುವುದು ಆ್ಯಪಲ್ ಅಥವಾ ಗೂಗಲ್‌ನ ಸರ್ವರ್ ಮೂಲಕ. ಅಂದರೆ ಸಂದೇಶ ಉಪಗ್ರಹಕ್ಕೆ ಹೋಗಿ, ದಡಕ್ಕೆ ಹೋಗಿ, ವಾಪಸ್ ಬರಬೇಕು. ಅಮ್ಮ ಇಂಟರ್ನೆಟ್ ಪ್ಯಾಕೇಜ್ ಕೊಂಡಿಲ್ಲದಿದ್ದರೆ ಬರುವುದೇ ಇಲ್ಲ. ಆ್ಯಪ್ ತೆರೆದಿದ್ದಾಗ ಸಂದೇಶ ಸಿಗುತ್ತದೆ. ಫೋನ್ ಚೀಲಕ್ಕೆ ಸೇರಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಆ್ಯಪ್‌ನ ಸಂಪರ್ಕ ಕಡಿಯುತ್ತದೆ.

ಇದಕ್ಕೆ ದಾರಿಗಳಿವೆ. ಒಂದು, ಪ್ಯಾಕೇಜ್ ಇಲ್ಲದವರಿಗೂ ನೆಟ್‌ವರ್ಕ್ ಕಾಯುವ ಫೈರ್‌ವಾಲಿನಲ್ಲಿ ನೋಟಿಫಿಕೇಶನ್ ದಾರಿ ಮಾತ್ರ ತೆರೆದಿಡುವುದು: ಆ್ಯಪಲ್‌ಗೆ 5223, ಗೂಗಲ್‌ಗೆ 5228ರಿಂದ 5230ರ ಪೋರ್ಟುಗಳು. ಉಪಗ್ರಹ ಇದ್ದಷ್ಟು ಹೊತ್ತು ಇದು ನಡೆಯುತ್ತದೆ. ಇನ್ನೊಂದು, 2020ರಲ್ಲಿ ಐಓಎಸ್ 14ರ ಜೊತೆ ಆ್ಯಪಲ್ ಕೊಟ್ಟ ಲೋಕಲ್ ಪುಶ್ ಸೌಲಭ್ಯ. ಗೊತ್ತುಮಾಡಿದ ವೈಫೈಗೆ ಫೋನ್ ಸೇರಿದಾಗ ಆ್ಯಪ್‌ನದೇ ಒಂದು ಚಿಕ್ಕ ತುಣುಕು (ಎಕ್ಸ್‌ಟೆನ್ಶನ್) ಹಿನ್ನೆಲೆಯಲ್ಲಿ ಎಚ್ಚರವಾಗಿದ್ದು ಸ್ಥಳೀಯ ಸರ್ವರಿನ ಜೊತೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಹಡಗಿನಂಥ ಜಾಗಕ್ಕೆ ಹೇಳಿಮಾಡಿಸಿದ್ದು. ಆದರೆ ಆ್ಯಪಲ್‌ನಿಂದ ಮೊದಲೇ ಅನುಮತಿ ಪಡೆಯಬೇಕು. ಆಂಡ್ರಾಯ್ಡ್‌ನಲ್ಲಿ ಫೋರ್‌ಗ್ರೌಂಡ್ ಸರ್ವಿಸ್ (ಆ್ಯಪ್ ತೆರೆದಿಲ್ಲದಾಗಲೂ ಓಡುವ ಭಾಗ) ಇಟ್ಟರೆ ಬಹುಮಟ್ಟಿಗೆ ಸಾಕು, ಬ್ಯಾಟರಿ ಉಳಿಸುವ ನೆಪದಲ್ಲಿ ಅದನ್ನೂ ಕೊಲ್ಲುವ ಫೋನುಗಳಿವೆ. ಏನೇ ಮಾಡಿದರೂ, ಮಗುವಿನ ವಿಷಯದ ಸಂದೇಶಕ್ಕೆ ಫೋನಿನಿಂದ "ತಲುಪಿತು" ಎಂಬ ಉತ್ತರ ಎರಡು ನಿಮಿಷದೊಳಗೆ ಬರದಿದ್ದರೆ, ಕ್ಲಬ್ಬಿನ ಸಿಬ್ಬಂದಿಯ ಪರದೆ ಕೆಂಪಾಗಬೇಕು, ಅವರು ಕೊಠಡಿಯ ಫೋನಿಗೆ ಕರೆ ಮಾಡಬೇಕು. ಕಳಿಸಿದ್ದೇವೆ ಎಂಬುದು ಲೆಕ್ಕಕ್ಕಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೆರಡು ತೊಡಕು. ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಫೋನ್ ಅದನ್ನು ಬಿಟ್ಟು ಮೊಬೈಲ್ ಸಿಗ್ನಲ್ ಹುಡುಕುತ್ತದೆ. ಹಡಗಿನದೇ ಮೊಬೈಲ್ ಟವರಿಗೆ ಹತ್ತಿಕೊಂಡು ರೋಮಿಂಗ್ ಬಿಲ್ ಏರಿಸುತ್ತದೆ. "ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಆನ್ ಮಾಡಿ" ಅಂತ ಹತ್ತುವಾಗಲೇ ಹೇಳುವುದು ಇದಕ್ಕೇ. ಹೊಸ ಫೋನುಗಳು ಒಂದೊಂದು ವೈಫೈಗೆ ಒಂದೊಂದು ನಕಲಿ ಮ್ಯಾಕ್ ವಿಳಾಸ (ನೆಟ್‌ವರ್ಕಿಗೆ ಕಾಣುವ ಫೋನಿನ ಗುರುತು) ತೋರಿಸುತ್ತವೆ. ಅದನ್ನೇ ನಂಬಿ ಲಾಗಿನ್ ನೆನಪಿಟ್ಟರೆ ಒಂದೇ ಫೋನ್ ಎರಡು ಸಲ ಎಣಿಕೆಯಾಗುತ್ತದೆ. ಇನ್ನು ಆ್ಯಪ್ ಡೌನ್‌ಲೋಡ್ ಮನೆಯಲ್ಲೇ ಆಗಬೇಕು. 150 ಎಂಬಿ ಆ್ಯಪನ್ನು 4,000 ಜನ ಬಂದರಿನಲ್ಲಿ ಇಳಿಸಿದರೆ 600 ಜಿಬಿ.

ಗಡಿಯಾರದ ವಿಷಯ ಹೇಳಲೇಬೇಕು. ಹಡಗಿಗೆ ತನ್ನದೇ ಸಮಯ ಇರುತ್ತದೆ. ಫ್ಲಾರಿಡಾದಿಂದ ಬೇಸಿಗೆಯಲ್ಲಿ ಹೊರಟ ಹಡಗು ಮೆಕ್ಸಿಕೋದ ಕೊಸುಮೆಲ್ ತಲುಪಿದಾಗ ದಡದ ಸಮಯ ಒಂದು ಗಂಟೆ ಹಿಂದೆ. "ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು" ಅಂದರೆ ಹಡಗಿನ ನಾಲ್ಕೂವರೆ. ದಡದ ಸಿಗ್ನಲ್ ಹಿಡಿದ ಫೋನ್ ಆಗ ಮೂರೂವರೆ ತೋರಿಸುತ್ತಿರುತ್ತದೆ. ಕುಟುಂಬ ಇನ್ನೂ ಐಸ್‌ಕ್ರೀಮ್ ತಿನ್ನುತ್ತಾ ನಿಂತಿರುತ್ತದೆ. ಆ್ಯಪ್ ಎಂದೂ ಫೋನಿನ ಗಡಿಯಾರ ನಂಬಬಾರದು. ಜಿಪಿಎಸ್‌ನಿಂದ ಹೊತ್ತು ಪಡೆಯುವ ಹಡಗಿನ ಸರ್ವರ್, ಹಡಗಿನ ಸಮಯದ ವ್ಯತ್ಯಾಸವನ್ನೂ ಸೇರಿಸಿ ಕೊಡಬೇಕು. ದಡಕ್ಕಿಳಿಯುವ ಮುನ್ನ ಫೋನಿನಲ್ಲಿ ಅದು ಉಳಿದಿರಬೇಕು. ನಮ್ಮ ದೇಶಕ್ಕೆಲ್ಲ ಒಂದೇ ಸಮಯ, ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿಯೂ ಇಲ್ಲ. ಹಾಗಾಗಿ ಇಲ್ಲಿನ ಟೆಸ್ಟಿಂಗ್‌ನಲ್ಲಿ ಈ ದೋಷ ಯಾರಿಗೂ ಸಿಗುವುದಿಲ್ಲ.

ಮಕ್ಕಳ ಕ್ಲಬ್ಬಿನ ಬಾಗಿಲಿಗೆ ಬರೋಣ. ಡಿಸ್ನಿ ಹಡಗುಗಳಲ್ಲಿ ಮೂರು ವರ್ಷ ತುಂಬಿದ ಮಕ್ಕಳನ್ನು ಅಪ್ಪ-ಅಮ್ಮ ಇಲ್ಲಿ ಬಿಟ್ಟು ಹೋಗಬಹುದು. ಮಗುವಿನ ಕೈಗೆ ನೀರಿಗೆ ಕೆಡದ ಒಂದು ಪಟ್ಟಿ ಕಟ್ಟುತ್ತಾರೆ, ಒಳಗೆ ರೇಡಿಯೋ ಚಿಪ್ಪು. ನೋಂದಣಿಯಲ್ಲಿ ಹೆಸರು, ವಯಸ್ಸು, ಅಲರ್ಜಿ, ಕರೆದುಕೊಂಡು ಹೋಗಲು ಯಾರ್ಯಾರಿಗೆ ಅಧಿಕಾರ, ಮತ್ತು ಒಂದು ಗುಟ್ಟಿನ ಪದ. ಒಳಗೆ ಬರುವಾಗ ಪಟ್ಟಿ ಓದಿಸಿದರೆ ಸಮಯ ದಾಖಲಾಗುತ್ತದೆ, ಬಾಗಿಲಲ್ಲೇ ಇರುವ ಯಂತ್ರದಲ್ಲಿ ಕೈ ತೊಳೆಸುತ್ತಾರೆ. ಕರೆದುಕೊಂಡು ಹೋಗಲು ಬಂದವರ ಕಾರ್ಡ್ ಓದಿಸಿದಾಗ ಪರದೆಯ ಮೇಲೆ ಅವರ ಫೋಟೋ ಬರುತ್ತದೆ, ಸಿಬ್ಬಂದಿ ಮುಖ ನೋಡುತ್ತಾರೆ, ಗುಟ್ಟಿನ ಪದ ಕೇಳುತ್ತಾರೆ. ಅಜ್ಜಿಯೇ ಬಂದರೂ ಪದ ಹೇಳಬೇಕು. ಅಜ್ಜಿಗೆ ಸಿಟ್ಟು ಬರುತ್ತದೆ, ಬರಲಿ.

ಇಲ್ಲಿ ಗಮನಿಸಿ: ಪಟ್ಟಿಗೆ ಮಗು ಎಲ್ಲಿದೆ ಎಂದು ಹೇಳುವ ಹಕ್ಕು ಮಾತ್ರ ಇದೆ. ಮಗುವನ್ನು ಯಾರ ಕೈಗೆ ಕೊಡಬೇಕು ಎಂಬ ತೀರ್ಮಾನ ಫೋಟೋ, ಪದ ಮತ್ತು ಮನುಷ್ಯನದ್ದು. ಮಕ್ಕಳು ಪಟ್ಟಿ ಅದಲುಬದಲು ಮಾಡಿಕೊಳ್ಳುತ್ತಾರೆ, ಕಚ್ಚುತ್ತಾರೆ, ಬಿಚ್ಚಿ ಆಟಿಕೆಗೆ ಕಟ್ಟುತ್ತಾರೆ.

ಹಾಗಾದರೆ "ಎಲ್ಲಿದೆ" ಎಂಬುದನ್ನಾದರೂ ನಂಬಬಹುದೇ? ತಾಗಿಸಿ ಓದಿಸುವ ಎನ್‌ಎಫ್‌ಸಿ ಚಿಪ್ಪು ಆದರೆ ಖಂಡಿತ: 13.56 ಮೆಗಾಹರ್ಟ್ಸ್, ನಾಲ್ಕಾರು ಸೆಂಟಿಮೀಟರ್ ದೂರ, ತಾಗಿಸಿದರೆ ತಾಗಿಸಿದಂತೆ. ಕಡಿಮೆ ಬ್ಯಾಟರಿಯಲ್ಲಿ ಓಡುವ ಬ್ಲೂಟೂತ್ ಲೋ ಎನರ್ಜಿ ಹಾಗಲ್ಲ. 2017ರಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ ಅತಿಥಿಗಳಿಗೆಂದು ತಂದ ನಾಣ್ಯದಂಥ ಪದಕದಲ್ಲಿ ಎರಡೂ ಇವೆ. ಬ್ಲೂಟೂತ್ ಇರುವುದರಿಂದಲೇ ಹತ್ತಿರ ಬಂದರೆ ಕೊಠಡಿ ತೆರೆದುಕೊಳ್ಳುತ್ತದೆ, ಕೂತಲ್ಲಿಗೆ ಪಾನೀಯ ಬರುತ್ತದೆ. ಆದರೆ 2.4 ಗಿಗಾಹರ್ಟ್ಸ್ ಅಲೆ ಉಕ್ಕಿಗೆ ಬಡಿದು ನಾಲ್ಕು ಕಡೆಯಿಂದ ಬರುತ್ತದೆ, ಮನುಷ್ಯನ ಮೈಯ ನೀರು ಅದನ್ನು ನುಂಗುತ್ತದೆ. ಮಗು ಸಿಗ್ನಲ್ ಹಿಡಿಯುವ ರೀಡರಿಗೆ ಬೆನ್ನು ತಿರುಗಿಸಿದರೆ ಸಾಕು, ದೂರ ಹೋದಂತೆ ಕಾಣುತ್ತದೆ. ಮಹಡಿ ಮೆಟ್ಟಿಲಿನ ತೆರಪಿನ ಮೂಲಕ ಮೇಲಿನ ಮಹಡಿಯ ಸಿಗ್ನಲ್ ಕೆಳಗಿಳಿದು, ಮಗುವನ್ನು ತಪ್ಪು ಮಹಡಿಯಲ್ಲಿ ತೋರಿಸುತ್ತದೆ. ಆದ್ದರಿಂದ ನಕ್ಷೆಯ ಮೇಲೆ ಚುಕ್ಕಿ ಇಡಬೇಡಿ. "ಈಜುಕೊಳದ ಮಹಡಿ, ಮುಂಭಾಗ, 2 ನಿಮಿಷದ ಹಿಂದೆ" ಅಂತ ಬರೆಯಿರಿ. ಚುಕ್ಕಿ ನೋಡಿದ ಅಪ್ಪ ಅದನ್ನೇ ನಂಬಿ ಅಲ್ಲಿಗೇ ಓಡುತ್ತಾನೆ.

ಕ್ಲಬ್ಬಿನ ಈ ದಾಖಲೆಗೆ ಇನ್ನೊಂದು ಉಪಯೋಗ. ಹಡಗಿನಲ್ಲಿ ವಾಂತಿ-ಭೇದಿ ಹರಡಿಸುವ ನೋರೋವೈರಸ್‌ಗೆ ಆಲ್ಕೊಹಾಲ್ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು-ನೀರೇ ಬೇಕು. ಒಂದು ಮಗುವಿಗೆ ಬಂದರೆ ಆ ಹೊತ್ತಿನಲ್ಲಿ ಅದರ ಜೊತೆಗಿದ್ದ ಮಕ್ಕಳು ಯಾರು ಎಂಬುದು ಡೇಟಾಬೇಸಿಗೆ ಕೇಳುವ ಒಂದೇ ಪ್ರಶ್ನೆಯಲ್ಲಿ ಸಿಗುತ್ತದೆ.

ಊಟಕ್ಕೆ ಬಂದರೆ ನಮಗೆ ಏನೂ ಹೊಸದಲ್ಲ. ಛತ್ರದ ಮೊದಲ ಪಂಕ್ತಿ, ಎರಡನೇ ಪಂಕ್ತಿಯೇ. ವಿಶೇಷ ಏನೆಂದರೆ, ಡಿಸ್ನಿಯಲ್ಲಿ ಅತಿಥಿಗಳು ದಿನಕ್ಕೊಂದು ರೆಸ್ಟೋರೆಂಟಿಗೆ ಹೋಗುತ್ತಾರೆ, ಬಡಿಸುವವರೂ ಅವರ ಜೊತೆಯಲ್ಲೇ ಬರುತ್ತಾರೆ. ಮಗುವಿಗೆ ಹಾಲಿಗೆ ಬದಲು ಏನು ಬೇಕು ಎಂದು ಎರಡನೇ ದಿನ ಮತ್ತೆ ಹೇಳಬೇಕಿಲ್ಲ. ಇದರಲ್ಲಿ ಯಂತ್ರವೇ ಇಲ್ಲ. ಆದರೂ ಹಡಗಿನ ಅತ್ಯುತ್ತಮ ವ್ಯವಸ್ಥೆ ಇದೇ ಅನ್ನಿಸುತ್ತದೆ. ಯಂತ್ರದ ಕೆಲಸ ಅಡುಗೆಮನೆಗೆ ಎಣಿಕೆ ತಲುಪಿಸುವುದು. ಅಲ್ಲಿ ಎಡವುವುದು "ಸಸ್ಯಾಹಾರ" ಎಂಬ ಒಂದೇ ಚೌಕದಲ್ಲಿ. ಮೊಟ್ಟೆ ನಡೆಯುತ್ತದೋ, ಈರುಳ್ಳಿ-ಬೆಳ್ಳುಳ್ಳಿ ಬೇಡವೋ, ಗೆಡ್ಡೆಯೂ ಬೇಡವೋ, ಜೆಲಾಟಿನ್ ಹಾಕಿದ ಸಿಹಿ ಬಡಿಸಬಹುದೋ, ಇವೆಲ್ಲ ಬೇರೆ ಬೇರೆ ಚೌಕಗಳಾಗಬೇಕು. ಅಲರ್ಜಿಯನ್ನು ಇವುಗಳ ಜೊತೆ ಸೇರಿಸಲೇಬಾರದು. ಒಂದು ನೇಮ, ಇನ್ನೊಂದು ಪ್ರಾಣದ ಪ್ರಶ್ನೆ.

ಅಲಂಕಾರದ ಬಗ್ಗೆ ಒಂದು ಮಾತು. ಡಿಸ್ನಿ ಡ್ರೀಮ್‌ನ ಕಿಟಕಿಯಿಲ್ಲದ ಕೊಠಡಿಗಳಲ್ಲಿ ದುಂಡು ಪರದೆ ಇದೆ. ಹಡಗಿನ ಹೊರಮೈಯ ಕ್ಯಾಮೆರಾದಿಂದ ನೇರ ದೃಶ್ಯ ಬರುತ್ತದೆ, ಆಗಾಗ ಕಾರ್ಟೂನ್ ಪಾತ್ರವೊಂದು ಇಣುಕುತ್ತದೆ. ಮಕ್ಕಳಿಗೆ ಹಬ್ಬ. ಕೊಠಡಿ ಇರುವ ಬದಿಯ ಕ್ಯಾಮೆರಾದ್ದೇ ಚಿತ್ರ ಬರಬೇಕು, ತಡವಾಗಿ ಬರಬಾರದು. ಕಣ್ಣು ಹೇಳುವ ಓಲಾಟ ಒಂದು, ಕಿವಿಯೊಳಗಿನ ಸಮತೋಲನ ಹೇಳುವುದು ಇನ್ನೊಂದಾದರೆ ಹೊಟ್ಟೆ ತೊಳಸುತ್ತದೆ. ಆಫ್ ಮಾಡುವ ಬಟನ್ ಹಾಸಿಗೆಯಿಂದ ಕೈಗೆ ಸಿಗುವಂತಿರಲಿ.

ತುರ್ತು ಡ್ರಿಲ್. 2012ರ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗಿನ ದುರಂತದಲ್ಲಿ 32 ಜನ ಸತ್ತರು. ಹತ್ತಿದ 24 ಗಂಟೆಯೊಳಗೆ ಡ್ರಿಲ್ ಆದರೆ ಸಾಕು ಎಂದಿದ್ದ ನಿಯಮ ಆಮೇಲೆ ಬದಲಾಗಿ, 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಆಗಬೇಕು. 2020ರಲ್ಲಿ ರಾಯಲ್ ಕೆರಿಬಿಯನ್ ಇದನ್ನು ಫೋನಿಗೆ ತಂದಿತು: ವಿಡಿಯೋ ನೋಡಿ, ಏಳು ಚಿಕ್ಕ ಒಂದು ಉದ್ದ ಶಬ್ದದ ಎಚ್ಚರಿಕೆ ಕೇಳಿ, ನಿಮ್ಮ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿ. ಬಿಸಿಲಿನಲ್ಲಿ ಮಗು ಎತ್ತಿಕೊಂಡು ಅರ್ಧ ಗಂಟೆ ನಿಲ್ಲುವುದು ತಪ್ಪಿತು. ನಿಜವಾದ ತುರ್ತಿನಲ್ಲಿ ಮಾತ್ರ ಕರೆಂಟೂ ವೈಫೈಯೂ ಇಲ್ಲ ಎಂದೇ ಯೋಚಿಸಬೇಕು. ಸ್ಕ್ಯಾನರ್ ತನ್ನೊಳಗೇ ಜನರ ಹೆಸರಿನ ಪಟ್ಟಿ ಇಟ್ಟುಕೊಂಡಿರಬೇಕು, ಅದರ ಪಕ್ಕದಲ್ಲಿ ಕಾಗದದ ಪಟ್ಟಿ.

ಮಕ್ಕಳ ಮಾಹಿತಿ ಕುರಿತ ಕಾನೂನು ಬೇರೆ ಬೇರೆ. ಅಮೆರಿಕದ ಕಾಯ್ದೆಗೆ ಮಗು ಅಂದರೆ 13ರ ಒಳಗೆ. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18ರ ಒಳಗೆ, ಪೋಷಕರ ಒಪ್ಪಿಗೆ ಪರಿಶೀಲಿಸಿ ಪಡೆಯಬೇಕು. 13 ಎಂಬ ಅಂಕಿಯನ್ನು ಕೋಡಿನೊಳಗೆ ನೇರ ಬರೆದವರು ಅದನ್ನು ಸೆಟ್ಟಿಂಗಿಗೆ ಸಾಗಿಸಲಿ.

ಕೊನೆಯಲ್ಲಿ ಬಂದ ಎರಡು ಪ್ರಶ್ನೆ.

ಸ್ಟಾರ್‌ಲಿಂಕ್ ಬಂದ ಮೇಲೂ ಹಡಗಿನೊಳಗೆ ಸರ್ವರ್ ಯಾಕೆ, ಕ್ಲೌಡ್ ಸಾಲದೇ ಎಂದು ಒಬ್ಬರು ಕೇಳಿದರು. ಸಾಲದು. ಬಂದರಿನ ಕ್ರೇನ್, ಎತ್ತರದ ಗುಡ್ಡ ಆಕಾಶ ಮುಚ್ಚುತ್ತವೆ. ಅನುಮತಿ ಇಲ್ಲದ ದೇಶದ ಕರಾವಳಿಯೊಳಗೆ ಡಿಶ್ ಆಫ್ ಮಾಡಬೇಕಾಗುತ್ತದೆ. ಆ ಹೊತ್ತಿನಲ್ಲೂ ಬಾಗಿಲು ತೆರೆಯಬೇಕು.

ಹಳೆಯ ಹಡಗಿನಲ್ಲಿ ಇದೆಲ್ಲ ಆಗುತ್ತದೆಯೇ ಎಂಬುದು ಇನ್ನೊಂದು. ನಮ್ಮಲ್ಲಿ 2021ರಿಂದ ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರ ನಿರ್ಮಾಣ. ಅಂಥ ಹಡಗುಗಳಲ್ಲಿ ಹೊಸ ಕೇಬಲ್ ಎಳೆಯುವುದೇ ದೊಡ್ಡ ಖರ್ಚು: ಬೆಂಕಿ ತಡೆಯುವ ಗೋಡೆಗೆ ತೂತು ಕೊರೆದರೆ ಅದಕ್ಕೆ ಗೊತ್ತುಮಾಡಿದ ಸೀಲೇ ಹಾಕಬೇಕು, ತಪಾಸಣೆ ಆಗಬೇಕು. ಹಾಗಾಗಿ ಮೊದಲು ಬೀಗ ಬದಲಿಸಿ, ಬ್ಯಾಟರಿಯ ಬೀಗಕ್ಕೆ ತಂತಿಯೇ ಬೇಡ. ಆಮೇಲೆ ಮಕ್ಕಳ ಕ್ಲಬ್ಬು ಮತ್ತು ಹತ್ತುವ ಬಾಗಿಲಿನ ರೀಡರ್‌ಗಳು. ಕೊಠಡಿಯ ವೈಫೈ ಕೊನೆಗೆ. ಅದಕ್ಕೂ ಹೊಸ ತಂತಿ ಎಳೆಯುವ ಮುನ್ನ, ಟಿವಿಗೆಂದು ಹಾಕಿರುವ ಹಳೆಯ ಕೊಆಕ್ಸಿಯಲ್ ಕೇಬಲ್ ಗೋಡೆಯೊಳಗೆ ಸರಿಯಾಗಿದೆಯೇ ಅಳೆದು ನೋಡಿ. ಸರಿಯಾಗಿದ್ದರೆ ಎರಡು ತುದಿಗೂ ಮೋಡೆಮ್ ಹಾಕಿ ಅದರ ಮೇಲೆಯೇ ಡೇಟಾ ಓಡಿಸಬಹುದು.